ಮೊದಲ ವರ್ಷದ ಮೊದಲ ಮೇಷ್ಟ್ರು: ಒಂದು ಮೆಡಿಕಲ್ ದಿನಚರಿಯ ಇತಿಹಾಸ

ಇವತ್ತಿನ ಮಾತು ಶುರುವಾಗೋದು ಋಷಿಕೊಂಡದಿಂದ. ವಿಶಾಖಪಟ್ಟಣದಿಂದ ಭೀಮಿಲಿ ಕಡೆಗೆ ಸಮುದ್ರದ ಪಕ್ಕದಲ್ಲೇ ಒಂದು ರಸ್ತೆ ಹೋಗತ್ತಲ್ಲ, ಆ ದಾರಿಯಲ್ಲಿ ಸಿಗುವ ಬೆಟ್ಟ, ಬೀಚು, ಅದರ ಸುತ್ತ ಬೆಳೆದ ಊರು. ಅಲ್ಲಿ ಗೀತಂ ಡೀಮ್ಡ್ ವಿಶ್ವವಿದ್ಯಾಲಯ ಇದೆ. ಅದರ ಮೆಡಿಕಲ್ ಕಾಲೇಜು 2015ರಲ್ಲಿ ಶುರುವಾಯಿತು. ಡೀಮ್ಡ್ ಕಾಲೇಜುಗಳ ಸೀಟು ನೀಟ್ ರ‍್ಯಾಂಕಿನ ಮೇಲೆ ಇಡೀ ದೇಶಕ್ಕೆ ಒಂದೇ ಕೌನ್ಸೆಲಿಂಗ್‌ನಲ್ಲಿ ಹಂಚಿಕೆ ಆಗೋದ್ರಿಂದ, ನಮ್ಮ ಕಡೆ ಮಕ್ಕಳೂ ಅಲ್ಲಿ ಹೋಗಿ ಸೇರಬಹುದು.

ಮೊದಲ ವರ್ಷದ ಮೆಡಿಕಲ್ ವಿದ್ಯಾರ್ಥಿಯ ದಿನ ಹೇಗಿರತ್ತೆ ಅಂತ ತೋರಿಸೋ ವಿಡಿಯೋಗಳು ಬೇಕಾದಷ್ಟಿವೆ. ಅಲಾರಂ, ಬಿಳಿ ಕೋಟು, ಮೆಸ್ಸಿನ ಇಡ್ಲಿ, ಓಡ್ತಾ ಓಡ್ತಾ ಕ್ಲಾಸು, ಮಧ್ಯಾಹ್ನ ತೂಕಡಿಕೆ, ರಾತ್ರಿ ರೆಕಾರ್ಡ್ ಬರೆಯೋದು. ಎಲ್ಲವೂ ನಿಜ. ಆದರೆ ಆ ದಿನದ ನಟ್ಟನಡುವೆ ಒಂದು ಉದ್ದನೆಯ ಕೋಣೆ ಇದೆ. ಅಲ್ಲಿ ಕ್ಯಾಮೆರಾ ಒಯ್ಯುವಂತಿಲ್ಲ, ಒಯ್ಯಲೂಬಾರದು. ಅದು ಡಿಸೆಕ್ಷನ್ ಹಾಲ್. ಸ್ಟೀಲ್ ಟೇಬಲ್ಲುಗಳು, ಪ್ರತಿ ಟೇಬಲ್ ಮೇಲೆ ಒಬ್ಬ ಮನುಷ್ಯ. ಉಳಿದದ್ದೆಲ್ಲ ಆ ಟೇಬಲ್ಲಿನ ಸುತ್ತ ಹೆಣೆದುಕೊಂಡದ್ದು. ನನ್ನ ಪ್ರಕಾರ ಮೊದಲ ವರ್ಷದ ಮೆಡಿಕಲ್ ದಿನಚರಿಯ ಇತಿಹಾಸ ಅಂದರೆ ಆ ಟೇಬಲ್ ಮೇಲೆ ಮಲಗಿದವರು ಯಾರು, ಅವರು ಅಲ್ಲಿಗೆ ಹೇಗೆ ಬಂದರು ಅನ್ನುವ ಇತಿಹಾಸವೇ.

ಬೆಳಿಗ್ಗೆಯಿಂದ ಬರೋಣ.

ಹಾಸ್ಟೆಲಿನ ಮಂಚದ ಕೆಳಗೆ ಒಂದು ಡಬ್ಬ ಇರತ್ತೆ. ಮೂಳೆಗಳ ಡಬ್ಬ. ‘ಬೋನ್ ಸೆಟ್’ ಅಂತಾರೆ. ಸಾಮಾನ್ಯವಾಗಿ ಸೀನಿಯರ್ ಹತ್ತಿರ ಕೊಂಡದ್ದು. ಮುಂದಿನ ವರ್ಷ ಜೂನಿಯರ್‌ಗೆ ಮಾರೋದು. ಹಲ್ಲುಜ್ಜಿ ಬಂದ ಕೂಡಲೇ ತೊಡೆಯ ಮೂಳೆ ಕೈಗೆತ್ತಿಕೊಂಡು ಇದು ಬಲದ್ದೋ ಎಡದ್ದೋ, ಇಲ್ಲಿ ಯಾವ ಸ್ನಾಯು ಅಂಟಿಕೊಳ್ಳತ್ತೆ ಅಂತ ಬಾಯಿಪಾಠ. ಮೊದಲ ವಾರ ಮೂಳೆ ಮುಟ್ಟಿದ ಕೈಯಲ್ಲಿ ಊಟ ಸೇರಲ್ಲ. ಒಂದು ತಿಂಗಳಾದ ಮೇಲೆ ಅದೇ ಮೂಳೆ ಪುಸ್ತಕದ ಹಾಳೆ ಹಾರದಂತೆ ಇಡೋ ಭಾರ ಆಗಿಬಿಡತ್ತೆ.

ಈ ಡಬ್ಬಕ್ಕೂ ಒಂದು ಚರಿತ್ರೆ ಇದೆ, ಅಷ್ಟು ಹಿತವಾದದ್ದಲ್ಲ. ಇಪ್ಪತ್ತನೇ ಶತಮಾನದ ಬಹುಭಾಗ ಜಗತ್ತಿನ ಮೆಡಿಕಲ್ ಕಾಲೇಜುಗಳಿಗೆ ಅಸ್ಥಿಪಂಜರ ಕಳಿಸುತ್ತಿದ್ದ ದೊಡ್ಡ ದೇಶ ಭಾರತ. ಕೋಲ್ಕತ್ತ ಆ ವ್ಯಾಪಾರದ ಕೇಂದ್ರ. ಅಮೆರಿಕ, ಯುರೋಪಿನ ಎಷ್ಟೋ ತರಗತಿಗಳಲ್ಲಿ ತೂಗುಹಾಕಿದ್ದ ಅಸ್ಥಿಪಂಜರಗಳು ನಮ್ಮ ಬಡವರದ್ದು. ಗೋರಿ ಕಳ್ಳತನದ ಆರೋಪ ಜೋರಾದ ಮೇಲೆ 1985ರಲ್ಲಿ ಭಾರತ ಸರ್ಕಾರ ಮಾನವ ಮೂಳೆಗಳ ರಫ್ತು ನಿಷೇಧಿಸಿತು. ಈಗ ಪ್ಲಾಸ್ಟಿಕ್ ಮೂಳೆ ಬಂದಿದೆ. ಆದರೂ ನಿಜವಾದ ಮೂಳೆಯಲ್ಲಿ ಕಾಣುವ ಸಣ್ಣ ಗೆರೆ, ಒರಟು ಗುರುತು ಪ್ಲಾಸ್ಟಿಕ್ಕಿನಲ್ಲಿ ಸರಿಯಾಗಿ ಬರಲ್ಲ ಅಂತ ಹಳೇ ಡಬ್ಬಗಳು ಕೈಯಿಂದ ಕೈಗೆ ಹೋಗ್ತಾನೇ ಇವೆ.

ಇಲ್ಲಿ ಒಂದು ಸ್ಥಳೀಯ ಸಂಗತಿ ಹೇಳಲೇಬೇಕು. ಋಷಿಕೊಂಡದಿಂದ ಅದೇ ಭೀಮಿಲಿ ರಸ್ತೆಯ ಆಸುಪಾಸಿನಲ್ಲಿ ಬಾವಿಕೊಂಡ, ತೊಟ್ಲಕೊಂಡ ಅಂತ ಎರಡು ಬೆಟ್ಟಗಳಿವೆ. ಕನ್ನಡದವರಿಗೆ ಅರ್ಥ ಬಿಡಿಸಿ ಹೇಳೋದೇ ಬೇಡ. ಒಂದು ಬಾವಿಗಳ ಬೆಟ್ಟ, ಇನ್ನೊಂದು ತೊಟ್ಟಿಗಳ ಬೆಟ್ಟ. ಎರಡರ ಮೇಲೂ ಎರಡು ಸಾವಿರ ವರ್ಷಕ್ಕೂ ಹಳೆಯ ಬೌದ್ಧ ವಿಹಾರಗಳ ಅವಶೇಷ ಇದೆ. 1980ರ ದಶಕದಲ್ಲಿ ಬಾವಿಕೊಂಡದಲ್ಲಿ ಅಗೆದಾಗ ಕುಡಿಕೆಯಂಥ ಪಾತ್ರೆಯಲ್ಲಿ ಮೂಳೆಯ ಒಂದು ತುಣುಕು ಸಿಕ್ಕಿತು. ಅದು ಬುದ್ಧನದ್ದೇ ಇರಬಹುದು ಅನ್ನೋ ನಂಬಿಕೆ ಇದೆ. ಒಂದು ತುಣುಕು ಮೂಳೆಗೆ ಸ್ತೂಪ ಕಟ್ಟಿದ ಬೆಟ್ಟ ಅಲ್ಲಿ. ಮಂಚದ ಕೆಳಗೆ ಇಡೀ ಕಾಲಿನ ಮೂಳೆ ಇಟ್ಟುಕೊಂಡು ನಿದ್ದೆ ಮಾಡುವ ಹುಡುಗರು ಇಲ್ಲಿ.

ಎಂಟೋ ಒಂಬತ್ತೋ ಗಂಟೆಗೆ ಲೆಕ್ಚರ್. ಅದರ ಬಗ್ಗೆ ಹೆಚ್ಚು ಹೇಳೋದೇನಿಲ್ಲ, ಯಾವ ಕಾಲೇಜಿನಲ್ಲೂ ಲೆಕ್ಚರ್ ಲೆಕ್ಚರೇ. ಮೂರು ವಿಷಯ: ಅನಾಟಮಿ ಅಂದರೆ ಅಂಗರಚನೆ, ಫಿಸಿಯಾಲಜಿ ಅಂದರೆ ಅಂಗಗಳ ಕೆಲಸ, ಬಯೋಕೆಮಿಸ್ಟ್ರಿ ಅಂದರೆ ಒಳಗಿನ ರಸಾಯನ. ಒಂದು ಮಾತ್ರ ಗಮನಿಸಿ. ಇವನ್ನು ಮೊದಲು ಒಂದೂವರೆ ವರ್ಷ ಕಲಿಸುತ್ತಿದ್ದರು. 1997ರ ನಿಯಮಗಳು ಅದನ್ನು ಒಂದು ವರ್ಷಕ್ಕೆ ಇಳಿಸಿದವು. 2019ರ ಹೊಸ ಪಠ್ಯಕ್ರಮದಲ್ಲಿ ಸ್ವಲ್ಪ ಹಿಗ್ಗಿತು, ಆಮೇಲೆ ಮತ್ತೆ ಹನ್ನೆರಡು ತಿಂಗಳಿಗೆ ಬಂತು. ಪುಸ್ತಕ ಮಾತ್ರ ದಪ್ಪ ಆಗ್ತಾನೇ ಹೋಯಿತು. ಮೊದಲ ವರ್ಷದವರ ಮುಖದಲ್ಲಿ ನಿದ್ದೆ ಇಲ್ಲದಿರೋದಕ್ಕೆ ಇದೂ ಒಂದು ಕಾರಣ. ಎಲ್ಲಾ ಮೊಬೈಲಿನ ತಪ್ಪಲ್ಲ.

ಲೆಕ್ಚರ್ ಮುಗಿದ ಮೇಲೆ ಡಿಸೆಕ್ಷನ್ ಹಾಲ್. ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಬಾಗಿಲು ತೆಗೆದಾಗ ಮೊದಲು ಎದುರಾಗೋದು ಫಾರ್ಮಾಲಿನ್ ವಾಸನೆ. ಕಣ್ಣು ಉರಿಯತ್ತೆ, ಮೂಗಲ್ಲಿ ನೀರು. ಇದೂ ಹಳೇ ಕಾಲದ್ದೇನಲ್ಲ. ಅಂಗಾಂಶ ಕೆಡದಂತೆ ಕಾಪಾಡೋಕೆ ಫಾರ್ಮಾಲ್ಡಿಹೈಡ್ ಬಳಸಬಹುದು ಅಂತ ಜರ್ಮನಿಯ ಫರ್ಡಿನಂಡ್ ಬ್ಲುಮ್ ತೋರಿಸಿದ್ದು 1893ರಲ್ಲಿ. ಅದಕ್ಕೂ ಮೊದಲು ದೇಹ ಕೆಡುವುದರೊಳಗೆ ಪಾಠ ಮುಗಿಸಬೇಕಿತ್ತು. ಅದಕ್ಕೇ ಬ್ರಿಟನ್ನಿನಲ್ಲಿ ಡಿಸೆಕ್ಷನ್ ಅಂದರೆ ಚಳಿಗಾಲದ ಪಾಠ. ನಮ್ಮ ಸುಶ್ರುತ ಸಂಹಿತೆಯಲ್ಲಿ ಬೇರೆಯದೇ ಉಪಾಯ ಇದೆ: ದೇಹವನ್ನು ಹುಲ್ಲು, ನಾರಿನಲ್ಲಿ ಸುತ್ತಿ, ಪಂಜರದೊಳಗಿಟ್ಟು, ಹರಿಯುವ ನೀರಿನಲ್ಲಿ ಏಳು ರಾತ್ರಿ ಬಿಟ್ಟು, ಆಮೇಲೆ ಲಾವಂಚ, ಬಿದಿರು ಮುಂತಾದವುಗಳ ಕುಂಚದಿಂದ ಪದರ ಪದರವಾಗಿ ಉಜ್ಜಿ ನೋಡಬೇಕು. ಚಾಕು ಹಾಕುವುದಕ್ಕಿಂತ ಉಜ್ಜಿ ಬಿಡಿಸುವ ವಿಧಾನ. ಆದರೆ ಕಾಲ ಕಳೆದಂತೆ ಶವ ಮುಟ್ಟುವುದು ಮೈಲಿಗೆ ಆಯಿತು, ಗ್ರಂಥ ಉಳಿಯಿತು, ಕೈ ದೂರ ಸರಿಯಿತು.

ಯುರೋಪಿನಲ್ಲೂ ಕಥೆ ತುಂಬಾ ಬೇರೆ ಇರಲಿಲ್ಲ. ಪ್ರೊಫೆಸರ್ ಎತ್ತರದ ಕುರ್ಚಿಯಲ್ಲಿ ಕೂತು ಹಳೇ ಗ್ರಂಥ ಓದೋದು, ಕೆಳಗೆ ಕ್ಷೌರಿಕನೊಬ್ಬ ಕತ್ತರಿಸೋದು. ವೆಸಾಲಿಯಸ್ ಕುರ್ಚಿಯಿಂದ ಇಳಿದು ತಾನೇ ಚಾಕು ಹಿಡಿದ. 1543ರಲ್ಲಿ ಅವನ ದೊಡ್ಡ ಪುಸ್ತಕ ಬಂತು. ಇವತ್ತು ಹದಿನೆಂಟರ ಹುಡುಗಿ ಸ್ಕಾಲ್ಪೆಲ್ ಹಿಡಿದು ತಾನೇ ಚರ್ಮ ಬಿಡಿಸ್ತಾಳೆ ಅಂದರೆ ಅದು ಅಲ್ಲಿಂದ ಬಂದದ್ದು.

ಸರಿ, ಕತ್ತರಿಸೋಕೆ ದೇಹ ಬೇಕಲ್ಲ? ಎಲ್ಲಿಂದ?

ಬ್ರಿಟನ್ನಿನಲ್ಲಿ 1752ರ ಕಾನೂನು ನೇಣಿಗೇರಿದ ಕೊಲೆಗಾರರ ದೇಹವನ್ನು ಡಿಸೆಕ್ಷನ್‌ಗೆ ಕೊಡಬಹುದು ಅಂದಿತು. ಅಂದರೆ ಡಿಸೆಕ್ಷನ್ ಅನ್ನೋದು ಸತ್ತ ಮೇಲೂ ಮುಂದುವರಿಯುವ ಶಿಕ್ಷೆ. ಆದರೆ ವಿದ್ಯಾರ್ಥಿಗಳು ಹೆಚ್ಚಾದರು, ನೇಣುಗಳು ಸಾಲಲಿಲ್ಲ. ರಾತ್ರಿ ಗೋರಿ ಅಗೆದು ಹೆಣ ಮಾರೋದು ಕಸುಬಾಯಿತು. 1828ರಲ್ಲಿ ಎಡಿನ್‌ಬರೋದಲ್ಲಿ ಬರ್ಕ್ ಮತ್ತು ಹೇರ್ ಅನ್ನೋ ಇಬ್ಬರು ಅಗೆಯುವ ಶ್ರಮವೂ ಬೇಡ ಅಂತ ಬಡವರನ್ನು, ದಿಕ್ಕಿಲ್ಲದವರನ್ನು ಸಾಯಿಸಿಯೇ ಮಾರಿದರು. 16 ಕೊಲೆ. ಕೊಂಡುಕೊಂಡವನು ರಾಬರ್ಟ್ ನಾಕ್ಸ್ ಅನ್ನೋ ಹೆಸರಾಂತ ಅನಾಟಮಿ ಮೇಷ್ಟ್ರು. ಹೇರ್ ಸಾಕ್ಷಿ ಹೇಳಿ ಬಚಾವಾದ. ಬರ್ಕನನ್ನು 1829ರ ಜನವರಿಯಲ್ಲಿ ನೇಣು ಹಾಕಿ, ಅವನ ದೇಹವನ್ನೇ ಸಾರ್ವಜನಿಕವಾಗಿ ಡಿಸೆಕ್ಷನ್ ಮಾಡಿದರು. ಅವನ ಅಸ್ಥಿಪಂಜರ ಈಗಲೂ ಎಡಿನ್‌ಬರೋ ವಿಶ್ವವಿದ್ಯಾಲಯದ ಸಂಗ್ರಹದಲ್ಲಿದೆ.

ಈ ಗದ್ದಲದ ನಂತರ ಬಂದದ್ದು 1832ರ ಅನಾಟಮಿ ಕಾಯಿದೆ. ಗೋರಿ ಕಳ್ಳತನ ನಿಂತಿತು. ಹೇಗೆ ನಿಂತಿತು? ಬಡವರ ದುಡಿಮನೆಗಳಲ್ಲಿ, ಆಸ್ಪತ್ರೆಗಳಲ್ಲಿ ಸತ್ತು, ಕೇಳಲು ಯಾರೂ ಬಾರದವರ ದೇಹಗಳನ್ನು ಕಾನೂನುಬದ್ಧವಾಗಿ ಕಾಲೇಜುಗಳಿಗೆ ಕೊಡಬಹುದು ಅಂತಾಯಿತು. ನಿನ್ನೆಯವರೆಗೆ ಕೊಲೆಗಾರನಿಗೆ ಕೊಡುತ್ತಿದ್ದ ಶಿಕ್ಷೆ ಬಡತನಕ್ಕೆ ಬಂತು ಅಂತ ಆಗಲೇ ಜನ ಸಿಟ್ಟಾಗಿದ್ದರು. ಆ ಸಿಟ್ಟು ತಪ್ಪು ಅಂತ ನನಗೆ ಇವತ್ತಿಗೂ ಅನ್ನಿಸಿಲ್ಲ.

ನಮ್ಮ ದೇಶಕ್ಕೆ ಬಂದದ್ದು ಇದೇ ಮಾದರಿ. 1835ರಲ್ಲಿ ಕಲ್ಕತ್ತ ಮೆಡಿಕಲ್ ಕಾಲೇಜು ಶುರು. ಅದೇ ವರ್ಷ ಮದ್ರಾಸಿನಲ್ಲೂ ಮೆಡಿಕಲ್ ಸ್ಕೂಲ್ ಶುರು, ಅದೇ ಮುಂದೆ ಕಾಲೇಜಾಯಿತು. 1836ರಲ್ಲಿ ಕಲ್ಕತ್ತದಲ್ಲಿ ಪಂಡಿತ ಮಧುಸೂದನ ಗುಪ್ತ ಎಂಬ ಆಯುರ್ವೇದ ವಿದ್ವಾಂಸರು ನಾಲ್ವರು ವಿದ್ಯಾರ್ಥಿಗಳ ಜೊತೆ ಶವಕ್ಕೆ ಕೈ ಹಚ್ಚಿದರು. ಕೋಟೆಯಿಂದ ತೋಪು ಹಾರಿಸಿದರು ಅಂತೆಲ್ಲ ಕಥೆ ಇದೆ. ತೋಪಿನ ಸದ್ದು ಕೇಳಿಸಿತೋ ಬಿಟ್ಟಿತೋ, ಜಾತಿ ಹೋಗತ್ತೆ ಅನ್ನೋ ಭಯ ಇದ್ದ ಕಾಲದಲ್ಲಿ ಆ ಕೈ ಮುಂದೆ ಬಂದದ್ದು ಸಣ್ಣ ಮಾತಲ್ಲ. ಮರುವರ್ಷ ಅಲ್ಲಿ 60 ದೇಹಗಳ ಡಿಸೆಕ್ಷನ್ ಆಯಿತು. 1844ಕ್ಕೆ ಅದು 500 ದಾಟಿತು. ಪಂಡಿತರ ಹೆಸರು ಪಠ್ಯಪುಸ್ತಕದಲ್ಲಿದೆ. ಆ ಐನೂರು ಜನರದ್ದು?

ಪುಸ್ತಕದ ಮಾತು ಬಂತಲ್ಲ, ಇದನ್ನೂ ಹೇಳಿಬಿಡ್ತೀನಿ. 1858ರಲ್ಲಿ ಬಂದ ‘ಗ್ರೇಸ್ ಅನಾಟಮಿ’ ಹೆಸರು ಕೇಳದ ಡಾಕ್ಟರ್ ಇಲ್ಲ. ಅದರ ಚಿತ್ರಗಳನ್ನೆಲ್ಲ ಬರೆದವರು ಹೆನ್ರಿ ವ್ಯಾಂಡೈಕ್ ಕಾರ್ಟರ್. ಪುಸ್ತಕ ಹೊರಬಂದ ವರ್ಷವೇ ಅವರು ಭಾರತಕ್ಕೆ ಬಂದು, ಬೊಂಬಾಯಿಯ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಮೇಷ್ಟ್ರಾದರು, ಕುಷ್ಠರೋಗದ ಬಗ್ಗೆ, ‘ಮಧುರಾ ಪಾದ’ ಅನ್ನೋ ಕಾಯಿಲೆಯ ಬಗ್ಗೆ ದೊಡ್ಡ ಕೆಲಸ ಮಾಡಿದರು. ಗ್ರೇ ಮೂರೇ ವರ್ಷದಲ್ಲಿ ಸಿಡುಬಿನಿಂದ ತೀರಿಕೊಂಡರು, ಹೆಸರು ಪುಸ್ತಕದ ಮೇಲೆ ಉಳಿಯಿತು. ಕಾರ್ಟರ್ ಹೆಸರು ಹಿಂದಕ್ಕೆ ಸರಿಯಿತು. ಅವರಿಬ್ಬರೂ ಬಿಡಿಸಿ ನೋಡಿದ ದೇಹಗಳು 1832ರ ಕಾಯಿದೆಯ ದಾರಿಯಲ್ಲಿ ಬಂದ ಲಂಡನ್ನಿನ ಬಡವರದ್ದು. ಅವರ ಹೆಸರು ಹಿಂದಕ್ಕೆ ಸರಿಯೋಕೂ ಇರಲಿಲ್ಲ. ನಮ್ಮ ಮಕ್ಕಳು ಈಗ ಹೆಚ್ಚಾಗಿ ಓದೋದು ಗ್ವಾಲಿಯರ್‌ನಲ್ಲಿ ಮೇಷ್ಟ್ರಾಗಿದ್ದ ಬಿ.ಡಿ. ಚೌರಾಸಿಯಾ ಅವರ ಪುಸ್ತಕ. ಮೊದಲ ಮುದ್ರಣ 1979. ಕೈಯಲ್ಲಿ ಬಿಡಿಸಬಹುದಾದಂಥ ಸರಳ ಚಿತ್ರಗಳು. ಅದಿಲ್ಲದಿದ್ದರೆ ಅರ್ಧ ಭಾರತ ಅನಾಟಮಿ ಪಾಸಾಗ್ತಿರಲಿಲ್ಲ ಅಂತ ತಮಾಷೆ ಮಾಡ್ತಾರೆ, ಪೂರ್ತಿ ತಮಾಷೆಯೂ ಅಲ್ಲ.

ಈಗ ವಿಶಾಖಪಟ್ಟಣಕ್ಕೆ ವಾಪಸ್ ಬರೋಣ. ಋಷಿಕೊಂಡದ ಕಾಲೇಜು ಹೊಸದು. ಊರೊಳಗೆ ಇನ್ನೊಂದಿದೆ, ಹಳೆಯದು. ಆಂಧ್ರ ಮೆಡಿಕಲ್ ಕಾಲೇಜು. ಶುರುವಾಗಿದ್ದು 1923ರಲ್ಲಿ, ಆಗ ಅದರ ಹೆಸರು ವೈಜಾಗಪಟಮ್ ಮೆಡಿಕಲ್ ಕಾಲೇಜು. ಮೊದಲ ತಂಡದಲ್ಲಿ 32 ವಿದ್ಯಾರ್ಥಿಗಳು. ಅದರ ಆಸ್ಪತ್ರೆ, ಊರವರು ಕೆಜಿಎಚ್ ಅಂತ ಕರೆಯೋ ಕಿಂಗ್ ಜಾರ್ಜ್ ಆಸ್ಪತ್ರೆ. ಅದನ್ನು ಅದೇ ವರ್ಷದ ಜುಲೈನಲ್ಲಿ ಉದ್ಘಾಟಿಸಿದವರು ಮದ್ರಾಸ್ ಪ್ರಾಂತ್ಯದ ಮುಖ್ಯಮಂತ್ರಿಯಾಗಿದ್ದ ಜಸ್ಟಿಸ್ ಪಕ್ಷದ ಪಾನಗಲ್ ರಾಜಾ. 1940ರಲ್ಲಿ ಕಾಲೇಜಿಗೆ ಈಗಿನ ಹೆಸರು ಬಂತು.

1923 ಅನ್ನೋ ವರ್ಷ ನಮಗೆ ಯಾಕೆ ಮುಖ್ಯ ಅಂದರೆ, ಆಗ ಬಳ್ಳಾರಿ, ದಕ್ಷಿಣ ಕನ್ನಡ ಎಲ್ಲಾ ಮದ್ರಾಸ್ ಪ್ರಾಂತ್ಯದಲ್ಲೇ ಇದ್ದವು. ಅಲ್ಲಿಯ ಕನ್ನಡ ಹುಡುಗನೊಬ್ಬ ಪ್ರಾಂತ್ಯದ ಒಳಗೇ ಡಾಕ್ಟರ್ ಪದವಿ ಓದಬೇಕು ಅಂದರೆ ಮದ್ರಾಸು, ಇಲ್ಲವಾದರೆ ಈಗ ಹೊಸದಾಗಿ ವಿಶಾಖಪಟ್ಟಣ. ಮೈಸೂರು ಸಂಸ್ಥಾನದ ಮೆಡಿಕಲ್ ಕಾಲೇಜು ಶುರುವಾಗಿದ್ದು ಮರುವರ್ಷ, 1924ರಲ್ಲಿ. ಅದೂ ಬೆಂಗಳೂರಿನಲ್ಲಿ, ಮೈಸೂರಿಗೆ ಹೋದದ್ದು 1930ರಲ್ಲಿ. ಅಂದರೆ ತೆಲುಗು ಸೀಮೆಯ ಕಾಲೇಜೂ ಕನ್ನಡ ಸೀಮೆಯ ಕಾಲೇಜೂ ಹೆಚ್ಚುಕಡಿಮೆ ಅವಳಿ ಮಕ್ಕಳು.

ಇನ್ನೊಂದು ನಂಟು ಇದೆ. ವೈಜಾಗ್ ಕಾಲೇಜು ಮೊದಲು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಸೇರಿತ್ತು. 1926ರಲ್ಲಿ ಆಂಧ್ರ ವಿಶ್ವವಿದ್ಯಾಲಯ ಹುಟ್ಟಿದ ಮೇಲೆ ಅದರ ಕೆಳಗೆ ಬಂತು. ಆ ವಿಶ್ವವಿದ್ಯಾಲಯ ಮೊದಲು ಇದ್ದದ್ದು ಬೆಜವಾಡದಲ್ಲಿ, ಅಂದರೆ ಇವತ್ತಿನ ವಿಜಯವಾಡ. 1930ರಲ್ಲಿ ವಾಲ್ಟೇರಿಗೆ, ವಿಶಾಖಪಟ್ಟಣದ ಸಮುದ್ರದಂಡೆಗೆ ಬಂತು. ಅದರ ಮೊದಲ ಕುಲಪತಿ ಕಟ್ಟಮಂಚಿ ರಾಮಲಿಂಗಾ ರೆಡ್ಡಿ. ಯಾರು ಅಂದ್ರೆ, ಅದಕ್ಕೂ ಮುಂಚೆ ಮೈಸೂರಿನ ಮಹಾರಾಜಾ ಕಾಲೇಜಿನ ಪ್ರಿನ್ಸಿಪಾಲ್ ಆಗಿದ್ದವರು. ಅವರ ನಂತರ ಬಂದ ಎಸ್. ರಾಧಾಕೃಷ್ಣನ್ ಕೂಡ ಮೈಸೂರು ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದವರೇ.

ಅರವತ್ತು ವರ್ಷ ಆದ ಮೇಲೆ ಮೆಡಿಕಲ್ ಪರೀಕ್ಷೆಯ ಲಗಾಮು ಮತ್ತೆ ವಿಜಯವಾಡಕ್ಕೆ ಹೋಯಿತು. 1986ರಲ್ಲಿ ಎನ್.ಟಿ. ರಾಮರಾವ್ ಸರ್ಕಾರ ಅಲ್ಲಿ ಆರೋಗ್ಯ ವಿಜ್ಞಾನಗಳಿಗೇ ಅಂತ ಒಂದು ವಿಶ್ವವಿದ್ಯಾಲಯ ಮಾಡಿತು. ಮುಂದೆ ಅದಕ್ಕೆ ರಾಮರಾವ್ ಅವರದೇ ಹೆಸರು ಬಂತು, 2022ರಲ್ಲಿ ಆ ಹೆಸರು ಹೋಗಿ ವೈಎಸ್ಆರ್ ಹೆಸರು ಬಂತು, 2024ರಲ್ಲಿ ಮತ್ತೆ ಹಳೆಯದೇ ವಾಪಸ್. ಮಾರ್ಕ್ಸ್ ಕಾರ್ಡಿನ ಮೇಲಿನ ಹೆಸರು ಬದಲಾಗ್ತಾ ಇರತ್ತೆ, ಅನಾಟಮಿ ವೈವಾ ಬದಲಾಗಲ್ಲ. ಕರ್ನಾಟಕದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಬಂದದ್ದು ಇದಾದ ಹತ್ತು ವರ್ಷಕ್ಕೆ, 1996ರಲ್ಲಿ. ಋಷಿಕೊಂಡದ ಹುಡುಗನಿಗೆ ಮಾತ್ರ ವಿಜಯವಾಡದ ಹಂಗಿಲ್ಲ. ಡೀಮ್ಡ್ ಆದ್ದರಿಂದ ಅವನ ಪರೀಕ್ಷೆ ಅವನ ವಿಶ್ವವಿದ್ಯಾಲಯದ್ದೇ.

ಮಧ್ಯಾಹ್ನ ಊಟ ಆದ ಮೇಲೆ ಪ್ರಾಕ್ಟಿಕಲ್. ಫಿಸಿಯಾಲಜಿ ಲ್ಯಾಬಿನಲ್ಲಿ ಮೊದಲು ಕಪ್ಪೆ ಇರುತ್ತಿತ್ತು. ಹಳೇ ಡಾಕ್ಟರುಗಳನ್ನು ಕೇಳಿ, ಹೊಗೆ ಹಿಡಿಸಿದ ಕಪ್ಪು ಕಾಗದದ ಡ್ರಮ್ಮು, ಅದರ ಮೇಲೆ ಕಪ್ಪೆಯ ಸ್ನಾಯು ಬರೆಯುವ ಗೆರೆ, ಎಲ್ಲಾ ಹೇಳ್ತಾರೆ. ಈಗ ಆ ಗೆರೆ ಕಂಪ್ಯೂಟರಿನಲ್ಲಿ ಬರತ್ತೆ, ಕಪ್ಪೆ ಬಚಾವ್. ಈಗ ಪ್ರಯೋಗಕ್ಕೆ ವಿದ್ಯಾರ್ಥಿಯದೇ ದೇಹ. ತನ್ನದೇ ಬೆರಳು ಚುಚ್ಚಿ ರಕ್ತ ತೆಗೆದು ಎಣಿಸೋದು, ಪಕ್ಕದ ಗೆಳತಿಯ ತೋಳಿಗೆ ಪಟ್ಟಿ ಕಟ್ಟಿ ಬಿಪಿ ನೋಡೋದು. ಬಿಪಿ ನೋಡುವಾಗ ಸ್ಟೆತಾಸ್ಕೋಪಿನಲ್ಲಿ ಕೇಳುವ ಟಪ್ ಟಪ್ ಸದ್ದನ್ನು 1905ರಲ್ಲಿ ವಿವರಿಸಿದ್ದು ರಷ್ಯಾದ ಕೊರೋಟ್‌ಕಾಫ್.

ಬಯೋಕೆಮಿಸ್ಟ್ರಿ ಲ್ಯಾಬಿನಲ್ಲಿ ಆಂಧ್ರದ ಹುಡುಗರು ಒಂದು ನಿಮಿಷ ಎದೆ ಉಬ್ಬಿಸಬಹುದು. ರಕ್ತದಲ್ಲಿ ಫಾಸ್ಫರಸ್ ಅಳೆಯುವ ಹಳೇ ವಿಧಾನದ ಹೆಸರು ‘ಫಿಸ್ಕೆ-ಸುಬ್ಬರಾವ್’. ಆ ಸುಬ್ಬರಾವ್ ಅಂದರೆ ಭೀಮವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಓದಿದ್ದು ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ. ಗಾಂಧೀಜಿಯ ಕರೆಗೆ ಓಗೊಟ್ಟು ಖಾದಿಯ ಸರ್ಜರಿ ಗೌನ್ ತೊಟ್ಟದ್ದಕ್ಕೆ ಸರ್ಜರಿ ಪ್ರೊಫೆಸರ್ ಬ್ರಾಡ್‌ಫೀಲ್ಡ್ ಮುನಿಸಿಕೊಂಡರು. ಕೊನೆಗೆ ಅವರಿಗೆ ಪೂರ್ತಿ ಎಂಬಿಬಿಎಸ್ ಸಿಗಲಿಲ್ಲ, ಅದಕ್ಕಿಂತ ಕೆಳಗಿನ ಎಲ್ಎಂಎಸ್ ಸಿಕ್ಕಿತು. ಸ್ವಲ್ಪ ಕಾಲ ಮದ್ರಾಸಿನ ಆಯುರ್ವೇದ ಕಾಲೇಜಿನಲ್ಲಿ ಅನಾಟಮಿ ಪಾಠ ಹೇಳಿ, ಹಾರ್ವರ್ಡಿಗೆ ಹೋದರು. ಅಲ್ಲಿ ಸೈರಸ್ ಫಿಸ್ಕೆ ಜೊತೆ ಮಾಡಿದ ಆ ವಿಧಾನ 1925ರದ್ದು. ಮುಂದೆ ಲೆಡರ್ಲೆ ಕಂಪನಿಯಲ್ಲಿ ಅವರ ತಂಡದಿಂದ ಬಂದದ್ದು ಫೋಲಿಕ್ ಆಮ್ಲದ ತಯಾರಿಕೆ, ಆನೆಕಾಲು ರೋಗಕ್ಕೆ ಕೊಡುವ ಡಿಇಸಿ ಮಾತ್ರೆ, ಆರಿಯೋಮೈಸಿನ್. ಎಂಬಿಬಿಎಸ್ ಕೈತಪ್ಪಿದವನ ಹೆಸರನ್ನು ಎಂಬಿಬಿಎಸ್ ಮೊದಲ ವರ್ಷದವರು ರೆಕಾರ್ಡಿನಲ್ಲಿ ಬರೆಯಬೇಕು. ಬ್ರಾಡ್‌ಫೀಲ್ಡ್ ಯಾರು ಅಂತ ಕೇಳಿದರೆ ಯಾರಿಗೂ ಗೊತ್ತಿಲ್ಲ.

ಕೆಲವು ದಿನ ಮಧ್ಯಾಹ್ನ ಲ್ಯಾಬ್ ಬಿಟ್ಟು ಊರ ಕಡೆ ಹೋಗೋದೂ ಇದೆ. ಈಗಿನ ಪಠ್ಯಕ್ರಮದಲ್ಲಿ ಮೊದಲ ವರ್ಷದಿಂದಲೇ ಹಳ್ಳಿಯ ಕೆಲವು ಕುಟುಂಬಗಳ ಆರೋಗ್ಯವನ್ನು ವಿದ್ಯಾರ್ಥಿಗೆ ವಹಿಸುತ್ತಾರೆ. ಶುರುವಿನ ತಿಂಗಳಲ್ಲಿ ಹೊರಗಿನವರಿಗೆ ಸ್ಥಳೀಯ ಭಾಷೆಯ ಪಾಠ. ಕನ್ನಡದ ಮಕ್ಕಳಿಗೆ ಇಲ್ಲಿ ಲಾಭ. ತೆಲುಗು ಲಿಪಿ ಅರ್ಧ ಆಗಲೇ ಗೊತ್ತು. ‘ಕಡುಪು ನೊಪ್ಪಿ’ ಅಂತ ಅಜ್ಜಿ ಅಂದರೆ ಹೊಟ್ಟೆ ನೋವು ಅಂತ ಅವರ ಕೈ ನೋಡಿದರೇ ಗೊತ್ತಾಗತ್ತೆ, ಉತ್ತರದಿಂದ ಬಂದವರಿಗೆ ಆ ‘ನೊಪ್ಪಿ’ ಕಲಿಯೋಕೇ ಒಂದು ವಾರ.

ಸಂಜೆ. ಸಮುದ್ರದ ಗಾಳಿ, ಟೀ. ಹಾಸ್ಟೆಲಿನ ಸಂಜೆ ಅಂದರೆ ಮೊದಲ ವರ್ಷದವರಿಗೆ ಎಷ್ಟೋ ಕಾಲ ಭಯದ ಹೊತ್ತೂ ಆಗಿತ್ತು. ಆಂಧ್ರ ಪ್ರದೇಶ 1997ರಲ್ಲೇ ರ‍್ಯಾಗಿಂಗ್ ವಿರುದ್ಧ ಕಾನೂನು ಮಾಡಿತು. ಆದರೂ 2009ರ ಮಾರ್ಚಿನಲ್ಲಿ ಹಿಮಾಚಲದ ಒಂದು ಮೆಡಿಕಲ್ ಕಾಲೇಜಿನಲ್ಲಿ ಅಮನ್ ಕಾಚ್ರು ಅನ್ನೋ ಮೊದಲ ವರ್ಷದ ಹುಡುಗ ಸೀನಿಯರ್‌ಗಳ ಹೊಡೆತಕ್ಕೆ ಸತ್ತ. ಅದಾದ ಮೇಲೇ ಇಡೀ ದೇಶಕ್ಕೆ ಬಿಗಿ ನಿಯಮ, ಸಹಾಯವಾಣಿ ಬಂದದ್ದು. ಈಗ ಅಡ್ಮಿಷನ್ ವೇಳೆ ಅಪ್ಪ ಅಮ್ಮ ಸಹಿ ಹಾಕುವ ಆ ಮುಚ್ಚಳಿಕೆ ಪತ್ರ ಇದೆಯಲ್ಲ, ಅದು ಆ ಹುಡುಗನ ಸಾವಿನಿಂದ ಬಂದ ಕಾಗದ.

ಮತ್ತೆ ಆ ಉದ್ದನೆಯ ಕೋಣೆಗೆ ಬರ್ತೀನಿ, ಯಾಕಂದ್ರೆ ಮುಖ್ಯವಾದ ಪ್ರಶ್ನೆ ಅಲ್ಲೇ ಉಳಿದಿದೆ. ಸ್ವಾತಂತ್ರ್ಯದ ನಂತರ ನಮ್ಮ ರಾಜ್ಯಗಳೂ ಅನಾಟಮಿ ಕಾಯಿದೆ ಮಾಡಿಕೊಂಡವು. ಮುಂಬಯಿ 1949ರಲ್ಲಿ, ನಮ್ಮದು 1957ರಲ್ಲಿ. ತಿರುಳು 1832ರದ್ದೇ: ನಿಗದಿತ ಸಮಯದೊಳಗೆ ಸಂಬಂಧಿಕರು ಬಾರದ ದೇಹವನ್ನು ಕಲಿಕೆಗೆ ಕೊಡಬಹುದು. ಬಸ್ ಸ್ಟ್ಯಾಂಡಿನಲ್ಲಿ ಬಿದ್ದು ಸತ್ತವರು, ಸರ್ಕಾರಿ ಆಸ್ಪತ್ರೆಯ ವಾರ್ಡಿನಲ್ಲಿ ಹೆಸರು ಹೇಳದೇ ಹೋದವರು, ಕೂಲಿಗೆ ಬಂದು ಊರು ದೂರವಾಗಿ ಸುದ್ದಿ ಮುಟ್ಟದವರು. ನಮ್ಮ ತಲೆಮಾರುಗಳ ಡಾಕ್ಟರುಗಳು ಕಲಿತದ್ದು ಬಹುಪಾಲು ಇವರಿಂದ. ಇವರ‍್ಯಾರೂ ಒಪ್ಪಿಗೆ ಕೊಟ್ಟಿರಲಿಲ್ಲ. ಕಲಿಕೆ ಬೇಕು, ಅದಿಲ್ಲದೆ ಆಪರೇಷನ್ ಮಾಡುವ ಕೈ ತಯಾರಾಗಲ್ಲ, ಅದು ನಿಜ. ಆದರೆ ಬದುಕಿದ್ದಾಗ ಆಸ್ಪತ್ರೆಯ ಸಾಲಿನಲ್ಲಿ ಕೊನೆಗೆ ನಿಂತವನನ್ನೇ ಸತ್ತ ಮೇಲೆ ಮೊದಲ ಟೇಬಲ್ಲಿಗೆ ಕರೆದದ್ದೂ ನಿಜ.

ಇದನ್ನು ಬದಲಿಸಿದ್ದು ದೇಹದಾನ. ಇದಕ್ಕೆ ಕರ್ನಾಟಕದಲ್ಲಿ ಒಂದು ಮರೆಯಲಾಗದ ಉದಾಹರಣೆ ಇದೆ. ಬೈಲಹೊಂಗಲದ ವೈದ್ಯ ಡಾ. ಬಸವಣ್ಣೆಪ್ಪ ರಾಮಣ್ಣವರ 2008ರ ನವೆಂಬರಿನಲ್ಲಿ ತೀರಿಕೊಂಡರು. ದೇಹದಾನ ಮಾಡಿದ್ದರು. ಮಗ ಡಾ. ಮಹಾಂತೇಶ ರಾಮಣ್ಣವರ ಬೆಳಗಾವಿಯ ಕೆಎಲ್ಇ ಸಂಸ್ಥೆಯ ಆಯುರ್ವೇದ ಕಾಲೇಜಿನಲ್ಲಿ ಅನಾಟಮಿ ಮೇಷ್ಟ್ರು. ಮಗನೇ ತನ್ನ ದೇಹ ಬಿಡಿಸಿ ಪಾಠ ಹೇಳಬೇಕು ಅನ್ನೋದು ತಂದೆಯ ಆಸೆ. ಎರಡು ವರ್ಷ ದೇಹವನ್ನು ಕಾಪಾಡಿಟ್ಟು, 2010ರ ನವೆಂಬರ್ 13ರಂದು, ಎಲ್ಲರೆದುರು, ಮಗ ತಂದೆಯ ದೇಹದ ಮೇಲೆ ಸ್ಕಾಲ್ಪೆಲ್ ಇಟ್ಟರು. ಸುಮ್ಮನೆ ಊಹಿಸಿಕೊಳ್ಳಿ. ಎಷ್ಟೋ ಜನರಿಗೆ ಇದು ಕಷ್ಟದ ದೃಶ್ಯ ಅನ್ನಿಸಿತು, ಅನ್ನಿಸಲಿ. ಆದರೆ ಆ ಟೇಬಲ್ಲಿನ ಮೇಲೆ ಮಲಗಿದ್ದವರಿಗೆ ಹೆಸರಿತ್ತು, ಊರಿತ್ತು, ತಾವೇ ಕೊಟ್ಟ ಒಪ್ಪಿಗೆ ಇತ್ತು, ಪಕ್ಕದಲ್ಲಿ ಮಗ ಇದ್ದ. ಬರ್ಕನ ಕಾಲದಿಂದ ಆ ಟೇಬಲ್ಲಿಗೆ ಬಂದವರ ಸಾಲಿನಲ್ಲಿ ಇದನ್ನಿಟ್ಟು ನೋಡಿದಾಗ ಎಷ್ಟು ದೂರ ಬಂದಿದ್ದೇವೆ ಅನ್ನೋದು ಕಾಣತ್ತೆ.

ತೆಲುಗು ಮನೆತನದ ಸೀತಾರಾಮ್ ಯೆಚೂರಿ 2024ರ ಸೆಪ್ಟೆಂಬರಿನಲ್ಲಿ ತೀರಿಕೊಂಡಾಗ ಅವರ ದೇಹ ದೆಹಲಿಯ ಏಮ್ಸ್‌ಗೆ ಹೋಯಿತು. 2010ರಲ್ಲಿ ಜ್ಯೋತಿ ಬಸು ಅವರದ್ದು ಕೋಲ್ಕತ್ತದ ಆಸ್ಪತ್ರೆಗೆ. ದೊಡ್ಡವರು ಮಾಡಿದಾಗ ಸುದ್ದಿ ಆಗತ್ತೆ. ಸುದ್ದಿ ಆಗದೆ ಕೊಟ್ಟವರು, ಅಪ್ಪನ ಮಾತು ಉಳಿಸೋಕೆ ರಾತ್ರೋರಾತ್ರಿ ಆಂಬುಲೆನ್ಸ್ ಮಾಡಿಕೊಂಡು ಕಾಲೇಜಿನ ಗೇಟಿಗೆ ಬಂದ ಮಕ್ಕಳು, ಇವರೇ ಹೆಚ್ಚು.

ಪಠ್ಯಕ್ರಮವೂ ಇದನ್ನು ಗಮನಿಸಿತು. 2019ರಿಂದ ಮೊದಲ ವರ್ಷದಲ್ಲೇ ನಡತೆ, ನೈತಿಕತೆ, ಮಾತುಕತೆ ಕಲಿಸುವ ಪಾಠಗಳಿವೆ. ಅದರಲ್ಲಿ ಒಂದರ ವಿಷಯವೇ ‘ಶವ ನಮ್ಮ ಮೊದಲ ಗುರು’. ಎಷ್ಟೋ ಕಾಲೇಜುಗಳಲ್ಲಿ ಮೊದಲ ದಿನ ಚಾಕು ಮುಟ್ಟುವ ಮುಂಚೆ ಸಾಲಾಗಿ ನಿಂತು ಪ್ರಮಾಣ ಮಾಡಿಸ್ತಾರೆ, ಹೂವಿಡ್ತಾರೆ: ಗೌರವದಿಂದ ನಡೆದುಕೊಳ್ತೀವಿ, ಫೋಟೋ ತೆಗೆಯಲ್ಲ, ತಮಾಷೆ ಮಾಡಲ್ಲ ಅಂತ. ಹಳಬರು ಕೆಲವರು ಇದನ್ನು ನಾಟಕ ಅಂತಾರೆ. ನನಗೆ ಹಾಗನ್ನಿಸಲ್ಲ. ಹದಿನೆಂಟು ವರ್ಷದವರಿಗೆ ಭಯ ಆದಾಗ ಜೋಕ್ ಮಾಡೋದೇ ದಾರಿ. ಹಿಂದೆ ಟೇಬಲ್ಲಿಗೊಂದು ಅಡ್ಡಹೆಸರು ಇಟ್ಟು ನಗ್ತಿದ್ದರು. ಈಗ ಆ ಭಯಕ್ಕೆ ಬೇರೆ ದಾರಿ ತೋರಿಸಿದ್ದಾರೆ ಅಷ್ಟೆ.

ಕೋವಿಡ್ ಕಾಲದಲ್ಲಿ ಎಷ್ಟೋ ಕಾಲೇಜುಗಳು ದೇಹದಾನ ಸ್ವೀಕರಿಸುವುದನ್ನೇ ನಿಲ್ಲಿಸಿದವು. ಆ ಕಾಲದ ತಂಡದವರು ಅನಾಟಮಿಯ ಎಷ್ಟೋ ಭಾಗವನ್ನು ಲ್ಯಾಪ್‌ಟಾಪಿನಲ್ಲಿ ನೋಡಿ ಕಲಿತರು. ಈಗ ಬೆರಳಲ್ಲಿ ತಿರುಗಿಸಿ ನೋಡುವ ಡಿಜಿಟಲ್ ಟೇಬಲ್ ಕೂಡ ಬಂದಿದೆ, ಅದರಿಂದ ಅನುಕೂಲವೂ ಇದೆ. ಆದರೆ ಒಬ್ಬರ ನರ ಇದ್ದ ಜಾಗದಲ್ಲೇ ಇನ್ನೊಬ್ಬರದ್ದು ಇರಲ್ಲ ಅನ್ನೋದನ್ನು ಪರದೆ ಕಲಿಸೋದು ಕಷ್ಟ, ಪಕ್ಕದ ಟೇಬಲ್ಲಿಗೆ ಹೋಗಿ ನೋಡಿದರೆ ಎರಡು ನಿಮಿಷದಲ್ಲಿ ಗೊತ್ತಾಗತ್ತೆ.

ಕೊನೆಗೆ ಉಪಯೋಗಕ್ಕೆ ಬರುವ ಒಂದಿಷ್ಟು ವಿಷಯ. ದೇಹದಾನಕ್ಕೆ ಹತ್ತಿರದ ಮೆಡಿಕಲ್ ಕಾಲೇಜಿನ ಅನಾಟಮಿ ವಿಭಾಗದಲ್ಲಿ ಫಾರಂ ಸಿಗತ್ತೆ, ದುಡ್ಡು ಕೊಡಬೇಕಾಗಿಲ್ಲ. ಬದುಕಿದ್ದಾಗ ಸಾಕ್ಷಿಗಳ ಜೊತೆ ಸಹಿ ಮಾಡಿಟ್ಟಿದ್ದರೂ, ಸತ್ತ ಮೇಲೆ ಮನೆಯವರು ಒಪ್ಪದಿದ್ದರೆ ಸಾಮಾನ್ಯವಾಗಿ ಕಾಲೇಜಿನವರು ಬಲವಂತ ಮಾಡಲ್ಲ. ಅದಕ್ಕೇ ಮನೆಯಲ್ಲಿ ಮೊದಲೇ ಮಾತಾಡಿಡೋದು ಮುಖ್ಯ. ಪೋಸ್ಟ್‌ಮಾರ್ಟಂ ಆದ ದೇಹವನ್ನು, ಕೆಲವು ಸೋಂಕು ಇದ್ದ ದೇಹವನ್ನು ಸಾಮಾನ್ಯವಾಗಿ ತೆಗೆದುಕೊಳ್ಳಲ್ಲ. ಕಣ್ಣು ದಾನ ಮಾಡಿ ಆಮೇಲೆ ದೇಹವನ್ನೂ ಕೊಡಬಹುದು. ಸತ್ತ ಕೆಲವೇ ಗಂಟೆಗಳಲ್ಲಿ ತಿಳಿಸಬೇಕು, ಡಾಕ್ಟರ್ ಕೊಟ್ಟ ಮರಣ ಪ್ರಮಾಣಪತ್ರ ಜೊತೆಗಿರಬೇಕು. ವಿಭಾಗದ ಫೋನ್ ನಂಬರನ್ನು ಮನೆಯ ಗೋಡೆ ಕ್ಯಾಲೆಂಡರಿನ ಹಿಂದೆ ಬರೆದಿಡಿ, ಆ ಹೊತ್ತಿನಲ್ಲಿ ಯಾರಿಗೂ ಮೊಬೈಲಿನಲ್ಲಿ ಹುಡುಕೋ ಸ್ಥಿತಿ ಇರಲ್ಲ.